ಸರಕಾರದ ಖರೀದಿಯಲ್ಲಿ ಚಿಕ್ಕ ಕಸಬುದಾರನ ಪಾಲು

(ಗಡಿನಾಡಿನ ಕನ್ನಡ ಕಸಬುದಾರರ ಹಾಗೂ ಗ್ರಾಮಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಮಗ್ಗವನ್ನು ನಿಲ್ಲಿಸಿ, ಹೊಲಿಗೆಯನ್ನು ಮಡಿಸಿಟ್ಟು, ಹೊಲದ ಕೆಲಸವನ್ನು ಅರ್ಧಕ್ಕೆ ಬಿಟ್ಟು ನೀವು ಈ ಸಂಜೆ ಇಲ್ಲಿ ನೆರೆದಿದ್ದೀರಿ. ದುಡಿಯುವವನ ಹೊತ್ತಿಗೆ ಬೆಲೆಯುಂಟು. ಆದುದರಿಂದ ಬರಿಯ ಹುರುಪಿನ ಮಾತುಗಳನ್ನಾಡಿ ಆ ಹೊತ್ತನ್ನು ಕಳೆಯುವುದು ಸಲ್ಲದು. ನಿಮ್ಮ ಕೈಯ ಕೆಲಸಕ್ಕೂ ಮನೆಯ ಒಲೆಗೂ ಸಂಬಂಧಪಟ್ಟ ಒಂದು ವಿಷಯವನ್ನೇ ಇಂದು ಎತ್ತಿಕೊಂಡಿದ್ದೇನೆ. ಸರಕಾರವು ತನಗೆ ಬೇಕಾದ ಸಾಮಾನುಗಳನ್ನು ಕೊಳ್ಳುವಾಗ ಅದರಲ್ಲಿ ಚಿಕ್ಕ ಉತ್ಪಾದಕನಿಗೆ ಸಲ್ಲಬೇಕಾದ ಪಾಲು ಎಷ್ಟು, ಅದು ನಮ್ಮ ಹಳ್ಳಿಗಳಿಗೆ ಏಕೆ ಬರುತ್ತಿಲ್ಲ, ಅದನ್ನು ಪಡೆಯುವ ಬಗೆ ಯಾವುದು ಎಂಬುದೇ ಆ ವಿಷಯ.

ಸರಕಾರವೆಂದರೆ ತೆರಿಗೆ ಎತ್ತುವ ಕೈ ಎಂದು ಮಾತ್ರವೇ ನಾವು ಬಲ್ಲೆವು. ಆದರೆ ಸರಕಾರವು ಈ ದೇಶದ ಎಲ್ಲಕ್ಕಿಂತ ದೊಡ್ಡ ಗಿರಾಕಿಯೂ ಆಗಿದೆ. ಆಸ್ಪತ್ರೆಗೆ ಹಾಸಿಗೆಯ ವಸ್ತ್ರ, ಶಾಲೆಗೆ ಸಮವಸ್ತ್ರ, ಅಂಗನವಾಡಿಗೆ ಹಿಟ್ಟು, ವಿದ್ಯಾರ್ಥಿ ನಿಲಯಕ್ಕೆ ಅಕ್ಕಿ ಬೇಳೆ, ಕಚೇರಿಗೆ ಮೇಜು ಕುರ್ಚಿ, ರೈಲ್ವೆಗೆ ಹೊದಿಕೆ, ಇವೆಲ್ಲವನ್ನೂ ಯಾರೋ ತಯಾರಿಸಿ ಒದಗಿಸಲೇಬೇಕು. ಅಂತಹ ಗಿರಾಕಿಗಳು ನಮ್ಮಿಂದ ದೂರದಲ್ಲಿಯೂ ಇಲ್ಲ. ಸೊಲ್ಲಾಪುರದಲ್ಲಿ ರೈಲ್ವೆಯ ವಿಭಾಗೀಯ ಕಚೇರಿ ಇದೆ. ಆದವಾನಿಯ ಕಡೆಯವರಿಗೆ ಗುಂತಕಲ್ಲಿನಲ್ಲಿ ಅಂತಹುದೇ ಇನ್ನೊಂದು ಇದೆ. ಕಾಸರಗೋಡಿನಲ್ಲಿ ಕೇಂದ್ರ ತೋಟಬೆಳೆಗಳ ಸಂಶೋಧನಾ ಸಂಸ್ಥೆಯೂ, ಪೆರಿಯದಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವೂ ಇವೆ. ನೀಲಗಿರಿಯ ಅರವಂಕಾಡಿನಲ್ಲಿ ಕೇಂದ್ರ ಸರಕಾರದ ಒಡೆತನದ ಕಾರ್ಡೈಟ್ ಕಾರ್ಖಾನೆ ಇದೆ. ಇವುಗಳಿಗೆ ದಿನನಿತ್ಯ ನೂರಾರು ವಸ್ತುಗಳು ಬೇಕು. ಆ ವಸ್ತುಗಳಲ್ಲಿ ಹಲವನ್ನು ನಮ್ಮ ಜನ ತಲೆತಲಾಂತರದಿಂದ ತಯಾರಿಸುತ್ತ ಬಂದಿದ್ದಾರೆ. ಸೊಲ್ಲಾಪುರದ ಚಾದರಿನ ಹೆಸರನ್ನು ಕೇಳದವರು ಯಾರು? ಕಾಸರಗೋಡಿನ ಸೀರೆ, ನಾರಾಯಣಪೇಟೆಯ ಸೀರೆ, ರಾಯದುರ್ಗದ ಸಿದ್ಧ ಉಡುಪು, ಅಡಕೆಯ ಹಾಳೆಯಿಂದ ಮಾಡುವ ತಟ್ಟೆ, ಇವೆಲ್ಲ ಗಡಿನಾಡಿನ ಕೈಗಳ ಕುಶಲತೆಗೆ ಸಾಕ್ಷಿಯಾಗಿವೆ. ಗಿರಾಕಿಯೂ ಇದ್ದಾನೆ, ಕಸಬುದಾರನೂ ಇದ್ದಾನೆ. ಇಬ್ಬರ ನಡುವೆ ಇರಬೇಕಾದ ದಾರಿ ಮಾತ್ರ ಮುಚ್ಚಿಹೋಗಿದೆ.

ಈ ದಾರಿಯನ್ನು ತೆರೆಯಬೇಕೆಂಬ ವಿಚಾರ ಹೊಸದಲ್ಲ. ಸ್ವಾತಂತ್ರ್ಯ ಬಂದ ಕೆಲವೇ ವರ್ಷಗಳಲ್ಲಿ, 1955ರಲ್ಲಿ, ಕೇಂದ್ರ ಸರಕಾರವು ರಾಷ್ಟ್ರೀಯ ಸಣ್ಣ ಕೈಗಾರಿಕೆಗಳ ನಿಗಮವನ್ನು ಸ್ಥಾಪಿಸಿತು. ಸಣ್ಣ ಕಾರ್ಖಾನೆಗಳಿಗೆ ಯಂತ್ರಗಳನ್ನು ಒದಗಿಸುವುದರ ಜೊತೆಗೆ ಸರಕಾರಿ ಖರೀದಿಯಲ್ಲಿ ಅವುಗಳಿಗೆ ಎಡೆ ದೊರಕಿಸುವುದೂ ಅದರ ಕೆಲಸವಾಗಿತ್ತು. ಆದರೆ ಬಹುಕಾಲ ಅದು ಸಲಹೆಯ ಮಟ್ಟದಲ್ಲಿಯೇ ಉಳಿಯಿತು. ಸಲಹೆಯನ್ನು ಕೇಳುವುದೂ ಬಿಡುವುದೂ ಅಧಿಕಾರಿಯ ಇಚ್ಛೆ. 2006ರಲ್ಲಿ ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆ ಬಂದಿತು. ಆ ಕಾಯಿದೆಯ ಆಧಾರದ ಮೇಲೆ 2012ರ ಮಾರ್ಚ್ ತಿಂಗಳಿನಲ್ಲಿ ಕೇಂದ್ರ ಸರಕಾರವು ಒಂದು ಆಜ್ಞೆಯನ್ನು ಹೊರಡಿಸಿತು. ಸರಕಾರಿ ಖರೀದಿಯ ಈ ಆಜ್ಞೆಯನ್ನು ನಾವೆಲ್ಲರೂ ಸರಿಯಾಗಿ ತಿಳಿದುಕೊಳ್ಳಬೇಕು.

ಅದರ ಸಾರ ಇಷ್ಟು. ಕೇಂದ್ರ ಸರಕಾರದ ಪ್ರತಿಯೊಂದು ಇಲಾಖೆಯೂ, ಕೇಂದ್ರದ ಒಡೆತನದ ಪ್ರತಿಯೊಂದು ಉದ್ದಿಮೆಯೂ ತಾನು ವರ್ಷದಲ್ಲಿ ಮಾಡುವ ಖರೀದಿಯ ಒಂದು ಗೊತ್ತಾದ ಪಾಲನ್ನು ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಂದಲೇ ಮಾಡತಕ್ಕದ್ದು. ಮೊದಲು ಆ ಪಾಲು ನೂರಕ್ಕೆ 20 ಇದ್ದಿತು. 2018ರಲ್ಲಿ ಅದನ್ನು ನೂರಕ್ಕೆ 25ಕ್ಕೆ ಏರಿಸಲಾಯಿತು. ಈ 25ರೊಳಗೆ 4 ಪಾಲು ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರ ಒಡೆತನದ ಉದ್ಯಮಗಳಿಗೆ, 3 ಪಾಲು ಹೆಣ್ಣುಮಕ್ಕಳ ಒಡೆತನದ ಉದ್ಯಮಗಳಿಗೆ ಸಲ್ಲತಕ್ಕದ್ದು. ಇದಲ್ಲದೆ 358 ಬಗೆಯ ವಸ್ತುಗಳನ್ನು ಸಣ್ಣವರಿಂದ ಮಾತ್ರವೇ ಕೊಳ್ಳಬೇಕೆಂದು ಮೀಸಲಿಡಲಾಗಿದೆ. ಕೈಯಿಂದ ನಡೆಸುವ ಬೇಸಾಯದ ಉಪಕರಣ, ಬೆತ್ತದ ಬುಟ್ಟಿ, ಚಪ್ಪಲಿ, ಮುಳ್ಳುತಂತಿ, ಗಾಯಕ್ಕೆ ಕಟ್ಟುವ ಪಟ್ಟಿಯ ಬಟ್ಟೆ ಮೊದಲಾದವು ಆ ಪಟ್ಟಿಯಲ್ಲಿವೆ. ಕಮ್ಮಾರ, ಮೇದಾರ, ಚಮ್ಮಾರ, ನೇಕಾರ ಇವರೆಲ್ಲರ ಕಸಬೂ ಅದರಲ್ಲಿ ಬಂದಿರುವುದನ್ನು ನೀವು ಗಮನಿಸಬೇಕು.

ಇನ್ನು ಬೆಲೆಯ ಮಾತು. ದೊಡ್ಡ ಕಾರ್ಖಾನೆಯವನೊಡನೆ ಬೆಲೆಯಲ್ಲಿ ಹೋರಾಡುವುದು ನಮ್ಮಿಂದಾದೀತೆ ಎಂದು ನೀವು ಕೇಳಬಹುದು. ಅದಕ್ಕೂ ಆಜ್ಞೆಯಲ್ಲಿ ಉತ್ತರವುಂಟು. ಒಂದು ಲೆಕ್ಕವನ್ನು ಹೇಳುತ್ತೇನೆ. ಇದು ತಿಳಿಯುವುದಕ್ಕಾಗಿ ಕಟ್ಟಿದ ಲೆಕ್ಕ. ಒಂದು ಕೇಂದ್ರ ಸಂಸ್ಥೆಗೆ ಅಡಕೆ ಹಾಳೆಯ ಒಂದು ಲಕ್ಷ ತಟ್ಟೆಗಳು ಬೇಕಾಗಿವೆ ಎಂದು ಭಾವಿಸಿರಿ. ದೊಡ್ಡ ಉದ್ಯಮಿಯೊಬ್ಬ ತಟ್ಟೆಗೆ 4 ರೂಪಾಯಿಯಂತೆ ಎಲ್ಲರಿಗಿಂತ ಕಡಿಮೆ ಬೆಲೆ ನಮೂದಿಸಿದ. ನಿಮ್ಮ ಸಂಘ 4 ರೂಪಾಯಿ 50 ಪೈಸೆ ಬರೆಯಿತು. ಹಳೆಯ ಪದ್ಧತಿಯಾಗಿದ್ದರೆ ನಿಮ್ಮ ಟೆಂಡರು ಅಲ್ಲಿಗೆ ಮುಗಿಯಿತು. ಈಗ ಹಾಗಲ್ಲ. ಕನಿಷ್ಠ ಬೆಲೆಗಿಂತ ನೂರಕ್ಕೆ 15ರವರೆಗೆ ಹೆಚ್ಚು ಬರೆದ ಸಣ್ಣ ಉದ್ಯಮವನ್ನು ಕರೆದು, ಆ 4 ರೂಪಾಯಿಗೆ ಇಳಿಯಲು ಒಪ್ಪುವಿರಾ ಎಂದು ಕೇಳಬೇಕು. ಈ ಲೆಕ್ಕದಲ್ಲಿ 4 ರೂಪಾಯಿ 60 ಪೈಸೆಯವರೆಗೆ ಬರೆದವರಿಗೆಲ್ಲ ಆ ಹಕ್ಕುಂಟು. ಒಪ್ಪಿದರೆ ಒಟ್ಟು ಬೇಡಿಕೆಯ ನಾಲ್ಕನೆಯ ಒಂದು ಭಾಗ, ಅಂದರೆ 25,000 ತಟ್ಟೆಗಳ ಕೆಲಸ ಸಣ್ಣವರ ಪಾಲಿಗೆ ಬರುತ್ತದೆ. ಅಂತಹ ಸಣ್ಣವರು ಹಲವರಿದ್ದರೆ ತಮ್ಮತಮ್ಮೊಳಗೆ ಅದು ಹಂಚಿಕೆಯಾಗುತ್ತದೆ. ಆದರೆ ಇಳಿದ ಬೆಲೆಯಲ್ಲಿ ನಿಮಗೆ ಗಿಟ್ಟುವುದೋ ಇಲ್ಲವೋ ಎಂಬುದನ್ನು ಮೊದಲೇ ಲೆಕ್ಕ ಹಾಕಿಕೊಂಡಿರಬೇಕು. ಗಿಟ್ಟದ ಕೆಲಸವನ್ನು ಹಿಡಿದು ಸಾಲಕ್ಕೆ ಬೀಳಬಾರದು.

ಟೆಂಡರಿನ ಕಾಗದಪತ್ರಗಳಿಗೆ ಸಣ್ಣ ಉದ್ಯಮದವರು ಹಣ ಕೊಡಬೇಕಾಗಿಲ್ಲ. ಟೆಂಡರಿನೊಡನೆ ಎಲ್ಲರೂ ಇಡಬೇಕಾದ ಮುಂಗಡ ಠೇವಣಿಯಿಂದಲೂ ಅವರಿಗೆ ವಿನಾಯಿತಿಯುಂಟು. ಹಿಂದೆ ಇಂತಿಷ್ಟು ವಹಿವಾಟು ಮಾಡಿರಬೇಕು, ಇಂತಿಷ್ಟು ವರ್ಷಗಳ ಅನುಭವ ಬೇಕು ಎಂಬ ಷರತ್ತನ್ನು, ಸರಕಿನ ಗುಣಕ್ಕೆ ಕೊರತೆ ಬಾರದಂತೆ, ಸಡಿಲಿಸುವುದಕ್ಕೂ ಅವಕಾಶವುಂಟು. ಕೆಲಸ ದೊರೆತ ಮೇಲೆ ಕೇಳುವ ಭದ್ರತಾ ಠೇವಣಿ ಬೇರೆ. ಅದಕ್ಕೆ ಈ ವಿನಾಯಿತಿ ಇಲ್ಲ.

ನಿಮ್ಮಲ್ಲಿ ಸುಳ್ಳು ಆಸೆಯನ್ನು ಹುಟ್ಟಿಸಬಾರದೆಂದು ಇನ್ನೆರಡು ಮಾತುಗಳನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಈ ಆಜ್ಞೆಯು ತಾನೇ ತಯಾರಿಸುವವನಿಗೆ ಮತ್ತು ಸೇವೆ ಸಲ್ಲಿಸುವವನಿಗೆ ಮಾತ್ರ. ಬೇರೆಯವರ ಸರಕನ್ನು ತಂದು ಮಾರುವ ವ್ಯಾಪಾರಿಗೆ ಇದರ ಪ್ರಯೋಜನವಿಲ್ಲ. ರಸ್ತೆ, ಕಟ್ಟಡ ಮೊದಲಾದ ಕಾಮಗಾರಿಗಳಿಗೂ ಇದು ಅನ್ವಯಿಸುವುದಿಲ್ಲ. ಅಲ್ಲದೆ ಇದು ಕಟ್ಟುವುದು ಕೇಂದ್ರ ಸರಕಾರದ ಕಚೇರಿಗಳನ್ನು. ಕೇರಳ, ತಮಿಳುನಾಡು, ಮಹಾರಾಷ್ಟ್ರ, ಆಂಧ್ರ, ತೆಲಂಗಾಣ, ಗೋವಾ ರಾಜ್ಯಗಳ ಸ್ವಂತ ಖರೀದಿಗೆ ಆಯಾ ರಾಜ್ಯದ ನಿಯಮಗಳೇ ಬೇರೆ. ಅವನ್ನು ನಿಮ್ಮ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿ ತಿಳಿದುಕೊಳ್ಳಬೇಕು. ಕೇಳಿದರೆ ಹೇಳುವುದು ಆ ಕಚೇರಿಯ ಕರ್ತವ್ಯ.

ಕಾಗದದ ಮೇಲಿನ ಮಾತು ಸಾಕು, ನಮ್ಮ ಸುತ್ತಮುತ್ತ ಯಾರಾದರೂ ಇದರಿಂದ ಉದ್ಧಾರವಾದುದುಂಟೆ ಎಂದು ನೀವು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಉಂಟು.

ಮೊದಲನೆಯದು ಕಾಸರಗೋಡಿನದೇ. ಅಲ್ಲಿಯ ಕೇಂದ್ರ ತೋಟಬೆಳೆಗಳ ಸಂಶೋಧನಾ ಸಂಸ್ಥೆಯಲ್ಲಿ ಎಳೆಯ ಮಕ್ಕಳಿಗಾಗಿ ಒಂದು ಪೌಷ್ಟಿಕ ಹಿಟ್ಟನ್ನು ರೂಪಿಸಿದರು. ಅಮೃತಂ ಎಂದು ಅದರ ಹೆಸರು. ಅದನ್ನು ಹುರಿದು ಬೀಸಿ ಪೊಟ್ಟಣ ಕಟ್ಟಿ ಕೇರಳದ ಅಂಗನವಾಡಿಗಳಿಗೆ ಒದಗಿಸುತ್ತಿರುವವರು ಯಾವ ದೊಡ್ಡ ಕಂಪನಿಯವರೂ ಅಲ್ಲ. 1998ರಲ್ಲಿ ಆರಂಭವಾದ ಕುಟುಂಬಶ್ರೀಯ ಹೆಣ್ಣುಮಕ್ಕಳ ಚಿಕ್ಕ ಚಿಕ್ಕ ಘಟಕಗಳು. ಅಂಗನವಾಡಿಯ ಆಹಾರವನ್ನು ಗುತ್ತಿಗೆದಾರರ ಮೂಲಕ ಪೂರೈಸಬಾರದು, ಸಾಧ್ಯವಾದಷ್ಟೂ ಗ್ರಾಮಸಮುದಾಯ, ಸ್ವಸಹಾಯ ಸಂಘ, ಮಹಿಳಾ ಮಂಡಲಗಳ ಮೂಲಕ ಪೂರೈಸಬೇಕು ಎಂದು ಸರ್ವೋಚ್ಚ ನ್ಯಾಯಾಲಯವು 2004ರಲ್ಲಿಯೇ ಆದೇಶಿಸಿದೆ. ನಮ್ಮ ತಾಯಂದಿರು ಮನೆಯಲ್ಲಿ ರಾಗಿ ಹುರಿದು ಹಿಟ್ಟು ಮಾಡಬಲ್ಲರು. ಆ ಕೆಲಸವೇ ಒಂದು ಉದ್ಯಮವಾಗಿ ನಿಂತುದಕ್ಕೆ ಇದು ನಿದರ್ಶನ.

ಎರಡನೆಯದು ಕೈಮಗ್ಗದವರದು. ಕೇರಳದಲ್ಲಿ 2017ರಿಂದ ಶಾಲೆಯ ಮಕ್ಕಳಿಗೆ ಕೈಮಗ್ಗದ ಬಟ್ಟೆಯ ಸಮವಸ್ತ್ರವನ್ನು ಉಚಿತವಾಗಿ ಕೊಡುವ ಯೋಜನೆ ನಡೆದಿದೆ. ಮಗುವಿಗೆ ಅಂಗಿ ಸಿಕ್ಕಿತು. ನೇಕಾರನಿಗೆ ವರ್ಷದಲ್ಲಿ ನೆಚ್ಚಬಹುದಾದ ಕೆಲಸ ಸಿಕ್ಕಿತು. ತಮಿಳುನಾಡಿನಲ್ಲಿ ಶಾಲಾ ಸಮವಸ್ತ್ರಗಳನ್ನು ಹೊಲಿಯುವ ಕೆಲಸವನ್ನು ಹೆಣ್ಣುಮಕ್ಕಳ ಹೊಲಿಗೆ ಸಹಕಾರ ಸಂಘಗಳಿಗೆ ಕೊಡುತ್ತಾರೆ. ತಾಳವಾಡಿಯ, ಹೊಸೂರಿನ ಸೋದರಿಯರು ಇದನ್ನು ವಿಚಾರಿಸಿ ನೋಡಬೇಕು.

ಮೂರನೆಯದು ಎಲ್ಲಕ್ಕಿಂತ ಬೋಧಪ್ರದವಾದುದು. ಕೇರಳದ ವಡಕರದ ಹತ್ತಿರ ಊರಾಳುಂಗಲ್ ಎಂಬ ಊರಿನಲ್ಲಿ 1925ರಲ್ಲಿ ಕೆಲವು ಕೂಲಿಕಾರರು ಸೇರಿ ಒಂದು ಸಹಕಾರ ಸಂಘವನ್ನು ಕಟ್ಟಿದರು. ಸಮಾಜ ಸುಧಾರಕರಾದ ವಾಗ್ಭಟಾನಂದರ ಪ್ರೇರಣೆ ಅವರ ಬೆನ್ನಿಗಿದ್ದಿತು. ಕೈಯಲ್ಲಿ ಹಣವಿರಲಿಲ್ಲ, ಹಾರೆ ಗುದ್ದಲಿಗಳೇ ಅವರ ಬಂಡವಾಳ. ಗುತ್ತಿಗೆದಾರನ ಕೈಕೆಳಗೆ ಕೂಲಿ ಮಾಡುವುದನ್ನು ಬಿಟ್ಟು ಗುತ್ತಿಗೆಯನ್ನೇ ತಾವು ಹಿಡಿಯಬೇಕೆಂದು ಅವರು ನಿಶ್ಚಯಿಸಿದರು. ಸಣ್ಣ ಕೆಲಸಗಳಿಂದ ಆರಂಭಿಸಿ, ಗಳಿಸಿದ ಹೆಸರನ್ನು ಕೆಡಿಸಿಕೊಳ್ಳದೆ, ಹಂತಹಂತವಾಗಿ ಮೇಲೇರಿದರು. ತಲಪಾಡಿಯಿಂದ ಚೆಂಗಳದವರೆಗೆ ಸುಮಾರು 39 ಕಿಲೋಮೀಟರ್ ಉದ್ದಕ್ಕೆ ರಾಷ್ಟ್ರೀಯ ಹೆದ್ದಾರಿಯನ್ನು ಅಗಲಗೊಳಿಸುವ ಕೆಲಸವನ್ನು ಪಡೆದವರು ಇದೇ ಸಂಘದವರು. ಮಂಜೇಶ್ವರ, ಉಪ್ಪಳ, ಕುಂಬಳೆಗಳ ಜನ ದಿನವೂ ತುಳಿಯುವ ದಾರಿ ಅದು. ಕೂಲಿಕಾರರು ಕೂಡಿದರೆ ಹೆದ್ದಾರಿಯನ್ನೇ ಹಾಕಬಲ್ಲರು ಎಂಬುದಕ್ಕೆ ಬೇರೆ ಸಾಕ್ಷಿ ಏತಕ್ಕೆ? ಇದು ಮೀಸಲಾತಿಯಿಂದ ಆದುದಲ್ಲ, ಕೂಡಿ ದುಡಿದುದರಿಂದ ಆದುದು. ಮಹಾರಾಷ್ಟ್ರದಲ್ಲಿಯೂ ಸಣ್ಣ ಕಾಮಗಾರಿಗಳಲ್ಲಿ ಕೂಲಿಕಾರರ ಸಹಕಾರ ಸಂಸ್ಥೆಗಳಿಗೆ ಪಾಲು ಕೊಡುವ ಪದ್ಧತಿಯುಂಟು. ಅಕ್ಕಲಕೋಟೆ, ಜತ್ತ ತಾಲ್ಲೂಕುಗಳ ದುಡಿಯುವ ಜನ ಇದನ್ನು ಅರಿಯಬೇಕು.

ಇಷ್ಟೆಲ್ಲ ಇದ್ದರೂ ನಮ್ಮ ಹಳ್ಳಿಗಳಿಗೆ ಈ ಪಾಲು ಏಕೆ ಬರುತ್ತಿಲ್ಲ? ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆಯನ್ನು ನಾವು ಹೇಳುತ್ತೇವೆ. ಪೂಜಾರಿಯ ತಪ್ಪೂ ಇದೆ. ಆದರೆ ಇಲ್ಲಿ ಗುಡಿಯ ಬಾಗಿಲಿಗೆ ಹೋಗದೆ ಇರುವವರು ನಾವೇ ಎಂಬುದನ್ನೂ ಒಪ್ಪಿಕೊಳ್ಳಬೇಕು.

ನಾನು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಹೇಳುತ್ತೇನೆ. ಗಡಿಯ ಒಂದು ಹಳ್ಳಿಯಲ್ಲಿ ಹನ್ನೆರಡು ಮಂದಿ ಹೆಣ್ಣುಮಕ್ಕಳು ಸೇರಿ ಹೊಲಿಗೆಯ ಸಂಘ ನಡೆಸುತ್ತಿದ್ದರು. ಅವರ ಕೈಹೊಲಿಗೆಯನ್ನು ಪೇಟೆಯ ಅಂಗಡಿಯವರೂ ಮೆಚ್ಚುತ್ತಿದ್ದರು. ಅದೇ ಹಳ್ಳಿಯ ಶಾಲೆಯ ಮಕ್ಕಳಿಗೆ ಸಮವಸ್ತ್ರಗಳು ಬೇರೆ ಜಿಲ್ಲೆಯಿಂದ ಬಂದವು. ಮೊದಲ ಒಗೆತಕ್ಕೇ ಹೊಲಿಗೆ ಬಿಚ್ಚಿತು. ಆ ಅಂಗಿಗಳನ್ನು ತಾಯಂದಿರು ರಿಪೇರಿಗೆಂದು ತಂದುದು ಇದೇ ಸಂಘದ ಮನೆಗೆ! ನೀವೇಕೆ ಟೆಂಡರು ಹಾಕಲಿಲ್ಲವೆಂದು ಆ ಸಂಘದ ಹಿರಿಯಕ್ಕನನ್ನು ನಾನು ಕೇಳಿದೆ. ಆಕೆ ಹೇಳಿದಳು: “ಅಣ್ಣಾ, ಕಚೇರಿಯ ಹಲಗೆಗೆ ಒಂದು ಕಾಗದ ಅಂಟಿಸಿದ್ದನ್ನು ನಾವು ನೋಡಿದ್ದೆವು. ಅದು ನಮ್ಮ ಅಕ್ಷರವಲ್ಲ. ಕಂದಾಯದ ನೋಟೀಸು ಇರಬೇಕೆಂದು ಹೆದರಿ ಸುಮ್ಮನೆ ಬಂದೆವು.” ಆ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. ಕೆಲಸ ಕೊಡುತ್ತೇನೆಂದು ಕರೆಯುವ ಕಾಗದವನ್ನು ತೆರಿಗೆ ಕೇಳುವ ಕಾಗದವೆಂದು ತಿಳಿದು ಅವರು ಮನೆಗೆ ಹಿಂದಿರುಗಿದ್ದರು.

ಇದರಲ್ಲಿ ಎರಡು ಪಾಠಗಳಿವೆ. ಒಂದು ಸರಕಾರಕ್ಕೆ, ಒಂದು ನಮಗೆ.

ಸರಕಾರಕ್ಕೆ ಸಂಬಂಧಿಸಿದುದನ್ನು ಮೊದಲು ಹೇಳುತ್ತೇನೆ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಭಾಷಾ ಅಲ್ಪಸಂಖ್ಯಾತರ ರಕ್ಷಣೆಗಾಗಿ ಕೇಂದ್ರ ಸರಕಾರವು ಒಂದು ಜ್ಞಾಪನಪತ್ರವನ್ನು ಪಾರ್ಲಿಮೆಂಟಿನ ಮುಂದಿಟ್ಟಿತು. ಯಾವುದಾದರೂ ತಾಲ್ಲೂಕಿನಲ್ಲಿ ಅಥವಾ ಪುರಸಭೆಯ ಎಲ್ಲೆಯಲ್ಲಿ ನೂರಕ್ಕೆ 15ರಿಂದ 20ರಷ್ಟು ಜನ ಒಂದು ಅಲ್ಪಸಂಖ್ಯಾತ ಭಾಷೆಯನ್ನಾಡುವವರಿದ್ದರೆ, ಮುಖ್ಯವಾದ ಸರಕಾರಿ ಪ್ರಕಟಣೆಗಳನ್ನೂ ನಿಯಮಗಳನ್ನೂ ಆ ಭಾಷೆಯಲ್ಲಿಯೂ ಅಚ್ಚು ಹಾಕಿಸುವುದು ಯೋಗ್ಯವೆಂದು ಅದರಲ್ಲಿ ಸೂಚಿಸಲಾಗಿದೆ. ಟೆಂಡರಿನ ಪ್ರಕಟಣೆ ಸರಕಾರಿ ಪ್ರಕಟಣೆಯಲ್ಲವೆ? ನಮ್ಮ ಭಾಷೆಯಲ್ಲಿ ಮತದಾರರ ಪಟ್ಟಿಯನ್ನು ಕೇಳುವ ನಾವು ಟೆಂಡರಿನ ಪ್ರಕಟಣೆಯನ್ನೂ ಕೇಳಬೇಕಲ್ಲವೆ? ಸಂವಿಧಾನದ 350ನೆಯ ಅನುಚ್ಛೇದವು ತನ್ನ ಕುಂದುಕೊರತೆಯ ಅರ್ಜಿಯನ್ನು ರಾಜ್ಯದಲ್ಲಾಗಲಿ ಕೇಂದ್ರದಲ್ಲಾಗಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬ ಪ್ರಜೆಗೂ ಕೊಟ್ಟಿದೆ. ಆದುದರಿಂದ ಈ ಬೇಡಿಕೆಯನ್ನು ಕನ್ನಡದಲ್ಲಿಯೇ ಬರೆದು, ಗ್ರಾಮಸಭೆಯಲ್ಲಿ ಓದಿ, ಸಹಿ ಮಾಡಿ ಕಳುಹಿಸಿರಿ. ಅದರಲ್ಲಿ ಯಾರ ಮೇಲಿನ ದ್ವೇಷವೂ ಬೇಡ. ನೆರೆಯ ಮಲಯಾಳಿ, ಮರಾಠಿ, ತಮಿಳು, ತೆಲುಗು ಕಸಬುದಾರನೂ ನಮ್ಮಂತೆಯೇ ಬಡವ. ಅವನ ಪಾಲನ್ನು ನಾವು ಕೇಳುತ್ತಿಲ್ಲ, ನಮ್ಮ ಪಾಲನ್ನು ಓದಿ ತಿಳಿಯಲು ಅವಕಾಶವನ್ನು ಕೇಳುತ್ತಿದ್ದೇವೆ.

ನಮಗೆ ಸಂಬಂಧಿಸಿದ ಪಾಠ ಇನ್ನೂ ಮುಖ್ಯವಾದುದು. ಸರಕಾರ ಕಾಗದವನ್ನು ಕನ್ನಡದಲ್ಲಿ ಅಂಟಿಸುವವರೆಗೆ ಕೈಕಟ್ಟಿ ಕುಳಿತರೆ ಮಕ್ಕಳು ಮುದುಕರಾದಾರು. ಈ ನಡುವೆ ನಾವು ಮಾಡಬೇಕಾದ ಕೆಲಸಗಳು ಕೆಲವಿವೆ.

ಮೊದಲನೆಯದು ನೋಂದಣಿ. ನಿಮ್ಮ ಕಸಬು ಸರಕಾರದ ಪುಸ್ತಕದಲ್ಲಿ ದಾಖಲಾಗಿರದಿದ್ದರೆ ಮೇಲೆ ಹೇಳಿದ ಯಾವ ಪಾಲೂ ನಿಮ್ಮದಲ್ಲ. 2020ರ ಜುಲೈ 1ರಿಂದ ಉದ್ಯಮ್ ಎಂಬ ನೋಂದಣಿ ಜಾರಿಯಲ್ಲಿದೆ. ಅದಕ್ಕೆ ಆಧಾರ್ ಸಂಖ್ಯೆ ಬೇಕು. ಶುಲ್ಕ ಒಂದು ಪೈಸೆಯೂ ಇಲ್ಲ. ಇದನ್ನು ಮಾಡಿಸಿಕೊಡುತ್ತೇನೆಂದು ಸಾವಿರಗಟ್ಟಲೆ ಕೇಳುವ ಮಧ್ಯವರ್ತಿಗಳು ಪೇಟೆಯಲ್ಲಿದ್ದಾರೆ. ಅವರ ಬಲೆಗೆ ಬೀಳಬೇಡಿರಿ. ತೆರಿಗೆಯ ನೋಂದಣಿಯಿಲ್ಲದ ತೀರ ಸಣ್ಣ ಕಸಬುದಾರರಿಗಾಗಿ 2023ರಲ್ಲಿ ಉದ್ಯಮ್ ಅಸಿಸ್ಟ್ ಎಂಬ ಇನ್ನೊಂದು ಏರ್ಪಾಡನ್ನೂ ಮಾಡಿದ್ದಾರೆ. ನಾವು ಇಷ್ಟು ಸಣ್ಣವರು, ನಮ್ಮನ್ನು ಉದ್ಯಮವೆಂದು ಯಾರು ಕರೆದಾರು ಎಂಬ ಸಂಕೋಚ ಬೇಡ. 2025ರ ಏಪ್ರಿಲ್ 1ರಿಂದ ಯಂತ್ರೋಪಕರಣಗಳಲ್ಲಿ ಎರಡೂವರೆ ಕೋಟಿ ರೂಪಾಯಿಯೊಳಗೆ ಬಂಡವಾಳವಿದ್ದು ವರ್ಷಕ್ಕೆ ಹತ್ತು ಕೋಟಿಯೊಳಗೆ ವಹಿವಾಟುಳ್ಳ ಉದ್ಯಮವೂ ಅತಿಸಣ್ಣದೇ ಆಗಿದೆ. ಅಂದರೆ ಎರಡು ಮಗ್ಗದವನೂ, ಕೋಟಿ ಬಂಡವಾಳದವನೂ ಒಂದೇ ಪಂಕ್ತಿಯಲ್ಲಿ ಕುಳಿತಿದ್ದಾರೆ. ನೀವು ಎದ್ದು ಬಂದರೆ ನಿಮ್ಮ ಎಲೆಯಲ್ಲಿದ್ದುದೂ ಅವನಿಗೇ ಹೋಗುತ್ತದೆ. ಪರಿಶಿಷ್ಟ ಜಾತಿ ಪಂಗಡದವರ 4 ಪಾಲಿನ ವಿಷಯದಲ್ಲಿ ಈ ಮಾತು ಅಕ್ಷರಶಃ ನಿಜ. ಅವರು ಟೆಂಡರಿಗೆ ಬಾರದಿದ್ದರೆ ಆ ಪಾಲನ್ನು ಬೇರೆ ಸಣ್ಣ ಉದ್ಯಮಗಳಿಂದ ತುಂಬಿಕೊಳ್ಳಬಹುದೆಂದು ಆಜ್ಞೆಯಲ್ಲಿಯೇ ಬರೆದಿದೆ.

ಎರಡನೆಯದು ಗಿರಾಕಿಯ ಕಣ್ಣಿಗೆ ಬೀಳುವುದು. 2016ರ ಆಗಸ್ಟ್‌ನಿಂದ ಕೇಂದ್ರ ಸರಕಾರವು ಜೆಮ್ ಎಂಬ ಹೆಸರಿನಲ್ಲಿ ಸರಕಾರಿ ಖರೀದಿಯ ಒಂದು ಸಂತೆಯನ್ನು ಕಂಪ್ಯೂಟರಿನ ಜಾಲದ ಮೇಲೆ ತೆರೆದಿದೆ. ಕೇಂದ್ರದ ಕಚೇರಿಗಳು ಅಲ್ಲಿ ದೊರೆಯುವ ಸರಕನ್ನು ಅಲ್ಲಿಂದಲೇ ಕೊಳ್ಳತಕ್ಕದ್ದೆಂದು 2017ರ ಹಣಕಾಸಿನ ನಿಯಮಗಳು ವಿಧಿಸಿವೆ. ಮಾರುವವನಾಗಿ ಹೆಸರು ದಾಖಲಿಸುವುದಕ್ಕೆ ಶುಲ್ಕವಿಲ್ಲ. ಸಣ್ಣ ಮೊತ್ತದ ಖರೀದಿಯನ್ನು ಅಧಿಕಾರಿ ನೇರವಾಗಿ ಮಾಡಬಹುದು. ಮೊತ್ತ ಹೆಚ್ಚಿದಂತೆ ಬೆಲೆಗಳನ್ನು ಹೋಲಿಸಬೇಕು. ಇನ್ನೂ ಹೆಚ್ಚಿದರೆ ಟೆಂಡರು ಕರೆಯಬೇಕು. ಆದುದರಿಂದ ಹೊಸಬರು ಸಣ್ಣ ಮೊತ್ತದಿಂದಲೇ ಕಾಲಿಡುವುದು ಲೇಸು. ನಮ್ಮ ಹಳ್ಳಿಯವರಿಗೆ ಇದೆಲ್ಲ ಹೇಗೆ ತಿಳಿಯಬೇಕು ಎನ್ನುವಿರಾದರೆ, ನಿಮ್ಮ ಮಕ್ಕಳ ಕಡೆಗೆ ನೋಡಿರಿ. ಊರಿಗೊಬ್ಬರಾದರೂ ಓದಿದ ತರುಣ ತರುಣಿಯರು ಇದ್ದಾರೆ. ಅವರು ವಾರಕ್ಕೊಂದು ದಿನ ಕುಳಿತು ಹೊಸ ಟೆಂಡರುಗಳನ್ನು ಹುಡುಕಿ, ಕನ್ನಡದಲ್ಲಿ ಸಾರಾಂಶ ಬರೆದು, ಗ್ರಂಥಾಲಯದ ಅಥವಾ ಹಾಲಿನ ಡೇರಿಯ ಗೋಡೆಗೆ ಅಂಟಿಸಲಿ. ಓದಿನ ಋಣವನ್ನು ಊರಿಗೆ ತೀರಿಸಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಮೂರನೆಯದು ಕೂಡಿ ನಡೆಯುವುದು. ಒಬ್ಬ ನೇಕಾರನು ಐನೂರು ಹೊದಿಕೆಗಳನ್ನು ಗಡುವಿನೊಳಗೆ ಕೊಡಲಾರನು. ಮೂವತ್ತು ಮಂದಿಯ ಸಂಘ ಕೊಡಬಲ್ಲುದು. ತೆನೆ ತೆನೆ ಕೂಡಿದರೆ ಬಳ್ಳ, ಹನಿ ಹನಿ ಕೂಡಿದರೆ ಹಳ್ಳ. ಕೇಂದ್ರದ ಕಚೇರಿಗಳು ಕೊಳ್ಳುವ ಬಟ್ಟೆಯಲ್ಲಿ ನೂರಕ್ಕೆ 20ರಷ್ಟಾದರೂ ಕೈಮಗ್ಗದ್ದಿರಬೇಕೆಂಬ ನಿಯಮವುಂಟು. ಅದನ್ನು ಖಾದಿ ಆಯೋಗದಿಂದಲೋ ನೇಕಾರರ ಸಹಕಾರ ಸಂಘ, ಸ್ವಸಹಾಯ ಸಂಘಗಳ ಒಕ್ಕೂಟ ಮೊದಲಾದವುಗಳಿಂದಲೋ ಕೊಳ್ಳಬೇಕು. ಆದರೆ ಸಂಘವೆಂದರೆ ಫಲಕ ತೂಗುಹಾಕುವುದಲ್ಲ. ಲೆಕ್ಕ ಶುದ್ಧವಾಗಿರಬೇಕು, ಅಳತೆ ಒಂದೇ ಆಗಿರಬೇಕು, ಗುಣ ಮೊದಲ ಕಟ್ಟಿನಿಂದ ಕೊನೆಯ ಕಟ್ಟಿನವರೆಗೆ ಒಂದೇ ಇರಬೇಕು. ನಮೂನೆಗೆ ಒಳ್ಳೆಯದನ್ನು ತೋರಿಸಿ ಮೂಟೆಯಲ್ಲಿ ಕೆಟ್ಟದ್ದನ್ನು ತುಂಬಿದರೆ ಆ ಸಂಘಕ್ಕೆ ಮಾತ್ರವಲ್ಲ, ಆ ಊರಿಗೇ ಎರಡನೆಯ ಕರೆ ಬರುವುದಿಲ್ಲ.

ಇನ್ನು ನಿಮ್ಮೆಲ್ಲರ ಮನಸ್ಸಿನಲ್ಲಿರುವ ಭಯದ ಮಾತಿಗೆ ಬರುತ್ತೇನೆ. ಸರಕಾರಕ್ಕೆ ಮಾರಿದರೆ ಹಣ ಯಾವಾಗ ಬಂದೀತು? ದೊಡ್ಡವನು ಆರು ತಿಂಗಳು ಕಾಯಬಲ್ಲ. ನೂಲನ್ನು ಸಾಲ ತಂದ ನೇಕಾರ ಕಾಯಲಾರ. ಈ ಭಯ ನಿರಾಧಾರವಲ್ಲ. ಇದಕ್ಕಾಗಿಯೇ 2006ರ ಕಾಯಿದೆಯಲ್ಲಿ ಒಂದು ರಕ್ಷಣೆಯನ್ನಿಟ್ಟಿದ್ದಾರೆ. ಇದು ಕೇಂದ್ರ, ರಾಜ್ಯ, ಖಾಸಗಿ ಎಂಬ ಭೇದವಿಲ್ಲದೆ ಕೊಳ್ಳುವವರೆಲ್ಲರಿಗೂ ಅನ್ವಯಿಸುತ್ತದೆ. ಬರಹದಲ್ಲಿ ಒಪ್ಪಂದವಿದ್ದರೆ ಒಪ್ಪಿದ ದಿನದೊಳಗೆ ಹಣ ಕೊಡಬೇಕು. ಆ ದಿನವೂ ಸರಕನ್ನು ಒಪ್ಪಿಕೊಂಡಂದಿನಿಂದ 45 ದಿನಗಳನ್ನು ಮೀರಕೂಡದು. ಒಪ್ಪಂದವಿಲ್ಲದಿದ್ದರೆ ಗಡುವು 15 ದಿನ. ಸರಕು ತಲುಪಿದ 15 ದಿನಗಳೊಳಗೆ ಬರಹದಲ್ಲಿ ಆಕ್ಷೇಪಣೆ ಬಾರದಿದ್ದರೆ, ತಲುಪಿದ ದಿನವೇ ಒಪ್ಪಿಕೊಂಡಂತೆ. ಗಡುವು ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರುಪಟ್ಟು ಬಡ್ಡಿಯನ್ನು ತಿಂಗಳ ಚಕ್ರಬಡ್ಡಿಯ ಲೆಕ್ಕದಲ್ಲಿ ಕೊಡತಕ್ಕದ್ದು.

ಹಾಗೂ ಕೊಡದಿದ್ದರೆ ಪ್ರತಿ ರಾಜ್ಯದಲ್ಲಿಯೂ ಇದಕ್ಕಾಗಿ ನೇಮಕವಾದ ಮಂಡಲಿಗೆ ದೂರು ಕೊಡಬಹುದು. ಜಾಲತಾಣದ ಮೂಲಕವೂ ದೂರು ಸಲ್ಲಿಸಬಹುದಾಗಿದೆ. ಕೊಳ್ಳುವವನು ದೇಶದ ಯಾವ ಮೂಲೆಯಲ್ಲಿದ್ದರೂ ವಿಚಾರಣೆ ನಡೆಯುವುದು ನಿಮ್ಮ ರಾಜ್ಯದ ಮಂಡಲಿಯ ಮುಂದೆ. ಅಕ್ಕಲಕೋಟೆಯ ನೇಕಾರ ದೆಹಲಿಗೆ ಅಲೆಯಬೇಕಾಗಿಲ್ಲ. ದೂರನ್ನು 90 ದಿನಗಳೊಳಗೆ ತೀರ್ಮಾನಿಸಬೇಕೆಂದು ಕಾಯಿದೆ ಹೇಳುತ್ತದೆ. ನಡೆಯಲ್ಲಿ ಹೆಚ್ಚು ಕಾಲ ಹಿಡಿಯುವುದೂ ಉಂಟು. ತೀರ್ಪನ್ನು ಪ್ರಶ್ನಿಸಲು ಕೊಳ್ಳುವವನು ನೂರಕ್ಕೆ 75ರಷ್ಟು ಹಣವನ್ನು ಮೊದಲು ನ್ಯಾಯಾಲಯದಲ್ಲಿ ಕಟ್ಟಬೇಕು. ಆದರೆ ನೆನಪಿಡಿರಿ: ನೋಂದಣಿ ಮೊದಲು, ಸರಬರಾಜು ಆಮೇಲೆ. ಸರಕು ಕೊಟ್ಟ ಬಳಿಕ ನೋಂದಣಿಗೆ ಓಡಿದರೆ ಈ ರಕ್ಷಣೆ ಕೈತಪ್ಪಬಹುದು. ಸರಕು ತಲುಪಿಸಿದ ದಿನವೇ ತಾರೀಖು ಹಾಕಿದ ರಸೀದಿಯನ್ನು ಪಡೆದು ಜೋಪಾನ ಮಾಡಿರಿ. ಆ ಚೀಟಿಯೊಂದಿಲ್ಲದೆ ಸೋತವರು ಬಹಳ.

ಕೊನೆಯದಾಗಿ ಒಂದು ಎಚ್ಚರಿಕೆಯ ಮಾತು. ಇದನ್ನು ಹೇಳದೆ ಹೋದರೆ ನನ್ನ ಕರ್ತವ್ಯ ಲೋಪವಾದೀತು. ಪಾಲು ಮೀಸಲಾದ ಕಡೆಯಲ್ಲೆಲ್ಲ ಹೆಸರನ್ನು ಬಾಡಿಗೆಗೆ ಕೇಳುವವರು ಹುಟ್ಟಿಕೊಳ್ಳುತ್ತಾರೆ. ಹಣವುಳ್ಳವನೊಬ್ಬ ಬಂದು, “ನಿನ್ನ ಹೆಸರಿನಲ್ಲಿ ಒಂದು ಸಂಸ್ಥೆ ಮಾಡೋಣ, ಹೆಬ್ಬೆಟ್ಟು ಒತ್ತು, ತಿಂಗಳಿಗೆ ಇಂತಿಷ್ಟು ಕೊಡುತ್ತೇನೆ” ಎನ್ನುತ್ತಾನೆ. ಹರಿಜನ ಸೋದರನನ್ನೋ ವಿಧವೆಯಾದ ಸೋದರಿಯನ್ನೋ ಮುಂದೆ ಮಾಡಿ ಹಿಂದಿನಿಂದ ಲಾಭವನ್ನು ತಾನು ತಿನ್ನುತ್ತಾನೆ. ಪಾಲುಗಾರಿಕೆಯ ಸಂಸ್ಥೆಯಲ್ಲಿ ಪರಿಶಿಷ್ಟರ ಪಾಲು ನೂರಕ್ಕೆ 51ಕ್ಕೆ ಕಡಿಮೆಯಿರಕೂಡದೆಂಬ ನಿಯಮವನ್ನು ಕಾಗದದ ಮೇಲೆ ಮಾತ್ರ ತುಂಬಿ ತೋರಿಸುತ್ತಾನೆ. ಕೆಲಸ ಕೆಟ್ಟರೆ, ತೆರಿಗೆ ಬಾಕಿಯಾದರೆ, ನೋಟೀಸು ಬರುವುದು ಹೆಬ್ಬೆಟ್ಟಿನವನ ಮನೆಗೆ. ಹೆಸರೆಂಬುದು ಮನುಷ್ಯನ ಕೊನೆಯ ಆಸ್ತಿ. ಅದನ್ನು ಬಾಡಿಗೆಗೆ ಕೊಟ್ಟವನಿಗೆ ಮರಳಿ ಸಿಕ್ಕುವುದು ಕಷ್ಟ. ಅಂತಹವನು ನಮ್ಮ ಭಾಷೆಯವನೇ ಆಗಿದ್ದರೂ ಅವನನ್ನು ಹೊಸ್ತಿಲಿನ ಹೊರಗೇ ನಿಲ್ಲಿಸಿರಿ.

ಮಹನೀಯರೆ, ನಾನು ನಿಮ್ಮಿಂದ ಬೇಡುವುದು ಹೆಚ್ಚೇನೂ ಇಲ್ಲ. ಈ ಸಭೆಯಿಂದ ಎದ್ದು ಹೋದ ಮೇಲೆ ಪ್ರತಿಯೊಂದು ಹಳ್ಳಿಯವರೂ ಮೂರು ಕೆಲಸಗಳನ್ನು ಮಾಡಿರಿ. ನಿಮ್ಮ ಊರಿನಲ್ಲಿರುವ ಕಸಬುದಾರರ ಹೆಸರುಗಳನ್ನೂ ಅವರು ತಯಾರಿಸುವ ವಸ್ತುಗಳನ್ನೂ ಒಂದು ಪುಸ್ತಕದಲ್ಲಿ ಬರೆಯಿರಿ. ಅವರೆಲ್ಲರ ನೋಂದಣಿಯನ್ನು ಒಂದೇ ದಿನ ಒಟ್ಟಾಗಿ ಕುಳಿತು ಮುಗಿಸಿರಿ. ಟೆಂಡರಿನ ಪ್ರಕಟಣೆಗಳು ಕನ್ನಡದಲ್ಲಿಯೂ ಬರಬೇಕೆಂಬ ಅರ್ಜಿಯನ್ನು ಗ್ರಾಮಸಭೆಯಲ್ಲಿ ಒಪ್ಪಿಸಿ ಜಿಲ್ಲಾಧಿಕಾರಿಗಳಿಗೆ ಕಳುಹಿಸಿರಿ. ಇವು ಮೂರೂ ಖರ್ಚಿಲ್ಲದ ಕೆಲಸಗಳು. ಮನಸ್ಸು ಮಾತ್ರ ಬೇಕು.

ನಾವು ದಯೆಯನ್ನು ಕೇಳುತ್ತಿಲ್ಲ. ನಮ್ಮ ತೆರಿಗೆಯ ಹಣದಿಂದ ಕೊಳ್ಳುವ ಬಟ್ಟೆಯನ್ನು ನಮ್ಮ ಮಗ್ಗವೂ ನೇಯಲಿ, ನಮ್ಮ ಮಕ್ಕಳು ತೊಡುವ ಅಂಗಿಯನ್ನು ನಮ್ಮ ಸೋದರಿಯರ ಕೈಯೂ ಹೊಲಿಯಲಿ ಎಂಬುದಷ್ಟೇ ನಮ್ಮ ಮಾತು. ಕಚೇರಿಯ ಹಲಗೆಯ ಮೇಲೆ ಇನ್ನು ಮುಂದೆ ಕಾಗದವೊಂದನ್ನು ಕಂಡರೆ ಹೆದರಿ ಹಿಂದಿರುಗಬೇಡಿರಿ. ನಿಂತು, ಇದರಲ್ಲೇನಿದೆ, ಓದಿ ಹೇಳಿರಿ ಎಂದು ಕೇಳಿರಿ. ಅದು ನಿಮಗೆ ಬಂದ ಕರೆಯಾಗಿರಬಹುದು.